ಕೊನೆಯ ಚಾಪ್ಟರ್ ಮೊದಲು

ಕಣ್ಣಿನ ನಡುಭಾಗ ಮಸುಕಾದ ಮೇಲೆ ನನಗೆ ಮನುಷ್ಯರು ಕಾಣುತ್ತಾರೆ, ಮುಖ ಕಾಣುವುದಿಲ್ಲ. ರಸ್ತೆ ಕಾಣುತ್ತದೆ, ಬೋರ್ಡು ಕಾಣುವುದಿಲ್ಲ. ಪುಸ್ತಕ ಕೈಯಲ್ಲಿ ಹಿಡಿದರೆ ಹಾಳೆಯ ನಾಲ್ಕು ಅಂಚು ಚೆನ್ನಾಗಿಯೇ ಇರುತ್ತವೆ; ನಡುವೆ ಒಂದು ಬೂದಿ ಬಣ್ಣದ ಗುಂಡಿ. ಡಾಕ್ಟರು ಅದಕ್ಕೊಂದು ಉದ್ದದ ಇಂಗ್ಲಿಷ್ ಹೆಸರು ಹೇಳಿದರು. ಹೆಸರು ತಿಳಿದು ನಾನೇನು ಮಾಡಲಿ?

ಕೆ.ಆರ್.ಪೇಟೆಯಲ್ಲಿದ್ದ ನನ್ನ ತಂಗಿಗೂ ಕಣ್ಣಿನದೇ ತೊಂದರೆ. ಪಾಂಡವಪುರದ ಕಬ್ಬಿನ ಗದ್ದೆಯ ಮನೆಯಿಂದ ಅಪ್ಪ ನಮ್ಮಿಬ್ಬರನ್ನೂ ಮೈಸೂರಿನ ಕಾನ್ವೆಂಟ್ ಹಾಸ್ಟೆಲಿಗೆ ಸೇರಿಸಿದ್ದರು. ಇಂಗ್ಲಿಷ್ ಪತ್ತೇದಾರಿ ಕಾದಂಬರಿಗಳ ಚಟ ಹತ್ತಿದ್ದು ಅಲ್ಲೇ. ಸಿಸ್ಟರ್‌ಗಳು 'ಕ್ಲೀನ್ ಬುಕ್ಸ್' ಎಂದು ಒಪ್ಪುತ್ತಿದ್ದದ್ದು ಸಂತರ ಕಥೆಗಳನ್ನು ಮತ್ತು ಕೊಲೆಯ ಕಥೆಗಳನ್ನು ಮಾತ್ರ. ಪ್ರೇಮ ಇರಕೂಡದು, ಕೊಲೆ ಇದ್ದರೆ ಪರವಾಗಿಲ್ಲ.

ನಾನು ಮೊದಲ ಪುಟದಿಂದ ಓದುವವಳು. ತಂಗಿ ಕೊನೆಯ ಪುಟದಿಂದ. ಕೊಂದವನು ಯಾರೆಂದು ನೋಡಿಕೊಂಡು, ಆಮೇಲೆ ಸಮಾಧಾನವಾಗಿ ಹಿಂದಕ್ಕೆ ಬಂದು ಶುರು ಮಾಡುತ್ತಿದ್ದಳು. ಇದೆಂಥ ಓದು, ಹೋಪ್‌ಲೆಸ್ ಎಂದು ನಾನು ಬೈದರೆ ನಗುತ್ತಿದ್ದಳು. “ಅಕ್ಕ, ಕಳ್ಳ ಯಾರು ಅಂತ ಗೊತ್ತಿದ್ರೇ ಕಣೆ ಮಜಾ. ಅವನು ಎಲ್ಲಾರ ಮುಂದೆ ಎಂಗೆ ನಾಟಕ ಆಡ್ತಾನೆ ಅಂತ ನೋಡ್ಕಂಡು ಕೂತಿರಬೋದು.”

ಎರಡು ವರ್ಷದ ಹಿಂದೆ ಅವಳ ಸೊಸೆ ನಮ್ಮಿಬ್ಬರ ಫೋನಿಗೂ ಆಡಿಯೋಬುಕ್ ಹಾಕಿಕೊಟ್ಟಳು. ಒಂದೇ ಅಕೌಂಟು. “ಅಕ್ಕ ತಂಗೀರಿಗೆ ಎರಡ್ಯಾಕೆ ದೊಡ್ಡತ್ತೆ, ಒಂದ್ರಲ್ಲೇ ಕೇಳ್ಕಳಿ” ಅಂದಳು. ಒಂದೇ ತಟ್ಟೆಯಲ್ಲಿ ಉಂಡವರಿಗೆ ಅದೂ ಸರಿಯೆನ್ನಿಸಿತು. ಆದರೆ ಪುಸ್ತಕ ಅವಳ ಫೋನಿನಲ್ಲಿ ಎಲ್ಲಿ ನಿಂತಿರುತ್ತದೋ ನನ್ನ ಫೋನಿನಲ್ಲೂ ಅಲ್ಲಿಂದಲೇ ಹೊರಡುತ್ತಿತ್ತು. ಬೆಳಿಗ್ಗೆ ಕಾಫಿ ಕುಡಿದು, ಬಾಬುರಾಯನಕೊಪ್ಪಲಿನ ನಮ್ಮ ಮನೆಯ ಹಿತ್ತಲಲ್ಲಿ ಕುರ್ಚಿ ಹಾಕಿಸಿಕೊಂಡು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ಮೂರನೇ ಚಾಪ್ಟರ್ ಎಂದು ಪ್ಲೇ ಒತ್ತಿದರೆ ಪತ್ತೇದಾರ ಆಗಲೇ ಎಲ್ಲರನ್ನೂ ಹಾಲ್‌ನಲ್ಲಿ ಕೂರಿಸಿಕೊಂಡು “ಕೊಲೆಗಾರ ಈ ಕೋಣೆಯಲ್ಲೇ ಇದ್ದಾನೆ” ಎನ್ನುತ್ತಿರುತ್ತಿದ್ದ! ಸಸ್ಪೆನ್ಸೆಲ್ಲ ಮಣ್ಣುಪಾಲು. ಅವಳು ಹಿಂದಿನ ದಿನವೇ ಕೊನೆಗೆ ಹಾರಿ ಬಂದಿರುತ್ತಿದ್ದಳು.

ಫೋನ್ ಮಾಡಿ ಕಿರುಚುತ್ತಿದ್ದೆ. “ಯೂ ಆರ್ ಇಂಪಾಸಿಬಲ್ ಕಣೆ!”

“ಬೈಕೋ ಅಕ್ಕ, ಬೈಕೋ. ಅಡುಗೆಯೋಳೇ ಸಾಯಿಸಿರೋದು, ಕೇಳಿದ್ಯಾ?”

ಹಾಗೆ ಎಷ್ಟು ಪುಸ್ತಕ ಕೆಡಿಸಿದಳೋ. ಆದರೂ ಸಾಯಂಕಾಲ ಅವಳ ಫೋನ್ ಬರದಿದ್ದರೆ ನನಗೆ ಮುದ್ದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಕಳೆದ ಶ್ರಾವಣದಲ್ಲಿ ಸಮುದ್ರದ ದಂಡೆಯ ಬಂಗಲೆಯೊಂದರಲ್ಲಿ ಮುದಿ ಕ್ಯಾಪ್ಟನ್ ಸತ್ತುಬಿದ್ದ ಕಥೆ ಶುರು ಮಾಡಿದ್ದೆವು. ಆರಂಭದಲ್ಲೇ ಅವಳ ಫೋನ್ ಬರುವುದು ನಿಂತುಹೋಯಿತು. ನಾನು ಮಾಡಿದರೆ ಸ್ವಿಚ್ ಆಫ್. ಅವಳ ಮಗನಿಗೆ ಮಾಡಿದೆ.

“ಏನಿಲ್ಲ ದೊಡ್ಡಮ್ಮ, ಗ್ಯಾಸ್ ಆಗಿತ್ತು. ಮಾತ್ರೆ ತಕಂಡು ಮಲಗವ್ರೆ.”

“ಫೋನ್ ಕೊಡೋ ಅವಳಿಗೆ.”

“ಎದ್ಮೇಲೆ ಮಾಡಿಸ್ತೀನಿ ಬುಡಿ.”

ಮಾಡಿಸಲಿಲ್ಲ. ಪಶು ಆಹಾರದ ಅಂಗಡಿ ಮುಚ್ಚಿ ಮನೆಗೆ ಬಂದ ನನ್ನ ಮಗನಿಗೆ ಹೇಳಿದೆ, ನನ್ನನ್ನು ಕೆ.ಆರ್.ಪೇಟೆಗೆ ಕರೆದುಕೊಂಡು ಹೋಗು, ಅವಳನ್ನು ನೋಡಬೇಕು.

“ನಿಂಗೆ ಸ್ಟೆಂಟ್ ಹಾಕಿ ಎಷ್ಟು ದಿನ ಆಯ್ತಮ್ಮ? ಕಾರಲ್ಲಿ ಕುಲುಕಾಡ್ಕೊಂಡು ಹೋಗೋ ಅಂಥದ್ದೇನಾಗದೆ ಈಗ? ಚಿಕ್ಕಮ್ಮ ಚೆನ್ನಾಗವ್ರೆ.”

“ಚೆನ್ನಾಗಿದ್ರೆ ಪುಸ್ತಕ ಯಾಕೋ ಮುಂದಕ್ಕೆ ಹೋಗಿಲ್ಲ? ನಾನು ಎಲ್ಲಿ ನಿಲ್ಲಿಸ್ತೀನೋ ಅಲ್ಲೇ ನಿಂತಿರುತ್ತೆ. ಅವಳು ಕಿವಿಗೆ ಹಾಕ್ಕೊಂಡೇ ಇಲ್ಲ.”

ಮಗ ನಕ್ಕ. “ಡಿಟೆಕ್ಟಿವ್ ಆಗ್ಬುಟ್ಟಿದ್ದೀಯ ಕಣಮ್ಮ ನೀನು!”

ಅದೇ ಮಾತನ್ನು ತಂಗಿಯ ಸೊಸೆಗೂ ಹೇಳಿದೆ. ದಿನವೂ ಫೋನ್ ಮಾಡಿ ಹೇಳಿದೆ. ಪುಸ್ತಕ ನಿಂತಿದೆ, ನಾನು ಬರುತ್ತೇನೆ, ಯಾರೂ ಕರೆತರದಿದ್ದರೆ ಬಸ್ಸು ಹತ್ತುತ್ತೇನೆ ಎಂದು ಹಟ ಹಿಡಿದೆ.

ಆಮೇಲೊಂದು ಬೆಳಿಗ್ಗೆ ಪ್ಲೇ ಒತ್ತಿದರೆ ಕಥೆ ಒಂದು ಚಾಪ್ಟರ್ ಮುಂದಿತ್ತು. ಥ್ಯಾಂಕ್ ಗಾಡ್! ಅವಳು ಎದ್ದು ಕೂತಿದ್ದಾಳೆ, ಕಿವಿಗೆ ಸಿಕ್ಕಿಸಿಕೊಂಡಿದ್ದಾಳೆ. ನಾನು ಹಿಂದಕ್ಕೆ ಹೋಗಿ ಆ ಚಾಪ್ಟರ್ ಕೇಳಿದೆ. ಮರುದಿನ ಇನ್ನೊಂದು ಚಾಪ್ಟರ್ ಮುಂದೆ. ಅದರ ಮರುದಿನ ಮತ್ತೊಂದು. ಬಸ್ಸಿನ ಮಾತು ಬಿಟ್ಟುಬಿಟ್ಟೆ. ಗಂಟಲು ಕೆಟ್ಟಿದೆ, ಮಾತಾಡಬಾರದೆಂದು ಡಾಕ್ಟರು ಹೇಳಿದ್ದಾರೆ ಎಂದು ಸೊಸೆ ಅಂದದ್ದನ್ನೂ ನಂಬಿದೆ. ಪರವಾಗಿಲ್ಲವೇ, ಕಾಯಿಲೆ ಬಿದ್ದು ಬುದ್ಧಿ ಕಲಿತಿದ್ದಾಳೆ, ಒಂದಾದ ಮೇಲೊಂದು ಕ್ರಮವಾಗಿ ಕೇಳುತ್ತಿದ್ದಾಳೆ ಎಂದು ಹಿತ್ತಲಲ್ಲಿ ಒಬ್ಬಳೇ ನಕ್ಕೆ.

ಎಂಥ ಪೆದ್ದಿ ನಾನು.

ನಮ್ಮ ಕಡೆ ಸಾವಿನ ಸುದ್ದಿಯನ್ನು ಯಾರೂ ಸುದ್ದಿಯಾಗಿ ಹೇಳುವುದಿಲ್ಲ. ಮೊದಲು 'ಸ್ವಲ್ಪ ಹುಷಾರಿಲ್ಲ'. ಆಮೇಲೆ 'ಸೀರಿಯಸ್ಸು, ಬೇಗ ಬನ್ನಿ'. ಮಿಕ್ಕಿದ್ದನ್ನು ಬೀದಿ ತಿರುವಿನಲ್ಲಿ ಹಾಕಿರುವ ಶಾಮಿಯಾನ ಹೇಳುತ್ತದೆ. ವಯಸ್ಸಾದವರಿಗಂತೂ ಅದಕ್ಕೂ ಮುಂಚೆ ಹೊಟ್ಟೆಗೆ ಏನಾದರೂ ಹಾಕಿರುತ್ತಾರೆ. ಇದನ್ನೆಲ್ಲ ಕರುಣೆ ಎಂದೇ ಎಲ್ಲರೂ ತಿಳಿದಿದ್ದಾರೆ.

ಆ ದಿನ ಮಗ ಮಧ್ಯಾಹ್ನಕ್ಕೇ ಅಂಗಡಿಯಿಂದ ಬಂದ. “ಚಿಕ್ಕಮ್ಮಂಗೆ ಸ್ವಲ್ಪ ಸೀರಿಯಸ್ ಆಗದಂತೆ ಕಣಮ್ಮ. ನಾಗಮಂಗಲದ ಆಸ್ಪತ್ರೆಲವ್ರೆ. ಎರಡು ತುತ್ತು ಉಂಡ್ಬುಡು, ಹೊರಡುವ.”

ಉಂಡೆ. ಕಾರು ಹತ್ತಿದೆ. ಇಯರ್‌ಫೋನನ್ನೂ ಸೆರಗಿನ ಗಂಟಿನಲ್ಲಿ ಇಟ್ಟುಕೊಂಡಿದ್ದೆ; ಆಸ್ಪತ್ರೆಯಲ್ಲಿ ಬೇಜಾರಾದರೆ ಅವಳಿಗೊಂದು ಕಿವಿ, ನನಗೊಂದು ಕಿವಿ ಎಂದು.

ಪಾಂಡವಪುರ ನನ್ನ ತವರು. ಅಲ್ಲಿನ ರಸ್ತೆಗಳಿಗೆ ನನಗೆ ಬೋರ್ಡು ಬೇಕಿಲ್ಲ. ಊರು ದಾಟುವಾಗ ಕಾರು ನಾಗಮಂಗಲದ ರಸ್ತೆ ಬಿಟ್ಟು ಚಿನಕುರಳಿ ಕಡೆಗೆ, ಕೆ.ಆರ್.ಪೇಟೆಯ ರಸ್ತೆಗೆ ತಿರುಗಿತು.

“ಆಸ್ಪತ್ರೆ ಆ ಕಡೆ ಅಲ್ವೇನೋ?”

ಮಗ ಗೇರು ಬದಲಾಯಿಸಿದ.

“ಮನೆಗೆ ತಂದುಬಿಟ್ಟಿದ್ದಾರಾ?”

“ಅಮ್ಮ, ಸುಮ್ಕೆ ಕೂತ್ಕೋ.”

ಕಿಟಕಿಯ ಕಡೆ ತಿರುಗಿದೆ. ಎರಡೂ ಕಡೆ ಕಬ್ಬು ಆಳೆತ್ತರ ಬೆಳೆದು ನಿಂತಿತ್ತು. ಅಂಚುಗಳಷ್ಟೇ ಕಾಣುವ ಕಣ್ಣಿಗೆ ಅದು ಬಹಳ ಚೆನ್ನಾಗಿ ಕಾಣುತ್ತದೆ.

ಶಾಮಿಯಾನದಡಿ ಮಲಗಿಸಿದ್ದ ಅವಳ ಮುಖ ನನಗೆ ಕಾಣಲಿಲ್ಲ. ಬಗ್ಗಿ ಎಷ್ಟು ಹತ್ತಿರ ಹೋದರೂ ಬೂದಿ ಬಣ್ಣದ ಗುಂಡಿಯೇ. ಸುತ್ತ ಇಟ್ಟ ಸೇವಂತಿಗೆ ಕಂಡಿತು, ಸೀರೆಯ ಅಂಚು ಕಂಡಿತು. ಕೈ ಹಿಡಿದು ನೋಡಿದೆ. ಅದನ್ನು ಬೆಚ್ಚಗಿರುವಾಗ ಹಿಡಿಯಬಹುದಿತ್ತು. ಧ್ವನಿ ಒಂದೇ ನನಗೆ ಉಳಿದಿದ್ದ ಅವಳ ಮುಖ. ಅದನ್ನು ನನ್ನಿಂದ ಬಚ್ಚಿಟ್ಟರು.

ಸಮಾಧಿಗೆ ಹಾಲುತುಪ್ಪ ಬಿಟ್ಟ ದಿನ ಊಟದ ಎಲೆ ಎತ್ತಿದ ಮೇಲೆ ಅವಳ ಸೊಸೆ ಪಕ್ಕದಲ್ಲಿ ಬಂದು ಕೂತಳು. ನಾನು ಕೇಳಿದೆ, “ಮಾತಾಡೋಕೆ ಆಗದಿದ್ದರೂ ದಿನಾ ಪುಸ್ತಕ ಕೇಳ್ತಿದ್ದಳಲ್ಲ, ಕೊನೆಯ ದಿನಾನೂ ಕೇಳಿದಳಾ?”

ಅವಳು ಮೂಗು ಸೀಟಿಕೊಂಡಳು. “ಅದು ನಾನು ದೊಡ್ಡತ್ತೆ. ಬುಕ್ಕು ನಿಂತೋಗದೆ, ಬಂದೇ ಬರ್ತೀನಿ ಅಂತ ನೀವು ಒಂದೇ ಸಮ ಗಾಬರಿ ಬೀಳ್ತಿದ್ರಿ. ನಿಮ್ಗೇನಾದ್ರೂ ಆದ್ರೆ? ಅದಕ್ಕೇ ಪಾತ್ರೆ ತೊಳೆಯುವಾಗ ಅತ್ತೆ ಅಕೌಂಟ್‌ನ ನನ್ ಫೋನಲ್ಲಿ ಹಾಕ್ಕಂಡು, ಸೌಂಡ್ ತೆಗೆದು, ದಿನಾ ಒಂದು ಚಾಪ್ಟರ್ ಓಡಿಸ್ಬುಡ್ತಿದ್ದೆ. ನಾನೇನೂ ಕೇಳ್ಲಿಲ್ಲ, ನನ್ಗೆ ಇಂಗ್ಲಿಷ್ ಬರಲ್ಲ.”

“ಅವಳು ನನ್ನನ್ನ ಕೇಳಲಿಲ್ವಾ?”

“ಕೇಳ್ತಿದ್ರು. ಕೊನೇವರ್ಗೂ ಮಾತು ಚೆನ್ನಾಗಿತ್ತು. ಅಕ್ಕ ಯಾಕೆ ಬರ್ನಿಲ್ಲ ಅನ್ನೋರು. ನಿಮಗೂ ಉಸಾರಿಲ್ಲ, ವಾಸಿಯಾದ ಮೇಲೆ ಬರ್ತಾರೆ ಅಂದಿದ್ವಿ. ಅವ್ರ ಒಳ್ಳೇದಕ್ಕೆ ದೊಡ್ಡತ್ತೆ. ನಿಮ್ಮ ಒಳ್ಳೇದಕ್ಕೂನೂ.”

ಗಂಟಲೇನೂ ಕೆಟ್ಟಿರಲಿಲ್ಲ. ನನಗೆ ಅವಳ ಬಗ್ಗೆ ಸುಳ್ಳು, ಅವಳಿಗೆ ನನ್ನ ಬಗ್ಗೆ ಸುಳ್ಳು. ನಾನು ಕಾಯಿಲೆ ಬಿದ್ದಿದ್ದೇನೆಂದು ಕೊರಗುತ್ತಾ ಹೋದಳೋ, ಬರಲಿಲ್ಲವೆಂದು ಬೇಸರಪಟ್ಟುಕೊಂಡು ಹೋದಳೋ, ಅದನ್ನು ಹೇಳುವ ಚಾಪ್ಟರ್ ಎಲ್ಲೂ ಇಲ್ಲ. ಆ ಹುಡುಗಿಯ ಮೇಲೆ ಕೂಗಾಡಬಹುದಿತ್ತು. ಅತ್ತೆಯ ಮಲ ಮೂತ್ರ ಬಳಿದವಳು ಅವಳು, ಏನೆಂದು ಕೂಗಾಡಲಿ? ಕ್ಷಮಿಸಿದ್ದೇನೆ ಎಂದೂ ಹೇಳಲಾರೆ. ಕಾನ್ವೆಂಟಿನಲ್ಲಿ ಕಲಿಸಿದ ಕ್ಷಮೆ ಎಲ್ಲಿ ಹೋಯಿತೋ, ಹುಡುಕಿದರೂ ಸಿಗಲಿಲ್ಲ.

ಹೆಚ್ಚು ಸಿಟ್ಟು ಬಂದದ್ದು ಬೇರೆ ವಿಷಯಕ್ಕೆ. ಸುಳಿವು ನನ್ನ ಕಿವಿಯೊಳಗೇ ಇತ್ತು. ದಿನಕ್ಕೊಂದು ಚಾಪ್ಟರ್, ಒಂದಾದ ಮೇಲೊಂದು! ಜನ್ಮದಲ್ಲಿ ಒಂದು ಪುಸ್ತಕವನ್ನೂ ಅವಳು ನೆಟ್ಟಗೆ ಮೊದಲಿಂದ ಓದಿದವಳಲ್ಲ. ಅವಳು ಕೇಳಿದ್ದರೆ ಪುಸ್ತಕ ಮೊದಲ ದಿನವೇ ಕೊನೆಗೆ ಹಾರುತ್ತಿತ್ತು, ನನ್ನ ಬೆಳಗು ಕೆಡುತ್ತಿತ್ತು. ಬಾಳಿಡೀ ಪತ್ತೇದಾರಿ ಓದಿದವಳು ಅಷ್ಟನ್ನು ಕಾಣಲಿಲ್ಲ. ಬುದ್ಧಿ ಕಲಿತಳೆಂದು ನಕ್ಕೆ.

ನಿಮಗೇ ಅಂತ ಬೇರೆ ಅಕೌಂಟು ಮಾಡಿಕೊಡುತ್ತೇನೆ ಎಂದಳು ಸೊಸೆ. ಬೇಡವೆಂದೆ. ಕ್ಯಾಪ್ಟನ್ನಿನ ಕಥೆ ಆ ಹುಡುಗಿ ಓಡಿಸಿ ಬಿಟ್ಟ ಜಾಗದಲ್ಲೇ ಇದೆ. ಅವನನ್ನು ಯಾರು ಕೊಂದರೆಂದು ನನಗೆ ತಿಳಿಯದು, ತಿಳಿಯಬೇಕಾಗಿಯೂ ಇಲ್ಲ. ಬೇರೆ ಪುಸ್ತಕಗಳನ್ನು ಈಗ ಅವಳ ಹಾಗೆಯೇ ಕೇಳುತ್ತೇನೆ, ಕೊನೆಯ ಚಾಪ್ಟರ್ ಮೊದಲು. ಕೊಂದವನು ಯಾರೆಂದು ತಿಳಿದುಕೊಂಡು ಹಿಂದಕ್ಕೆ ಬರುತ್ತೇನೆ. ಅವನು ಸತ್ತವರ ಮನೆಯವರಿಗೆ ಟೀ ಕೊಡುತ್ತಾನೆ, ಶಾಲು ಹೊದಿಸುತ್ತಾನೆ, “ಯೂ ಮಸ್ಟ್ ರೆಸ್ಟ್, ಮೈ ಡಿಯರ್” ಎನ್ನುತ್ತಾನೆ. ತಂಗಿ ಹೇಳಿದ್ದು ನಿಜ, ಆ ನಾಟಕ ಬಹಳ ಸೊಗಸಾಗಿರುತ್ತದೆ.

ಮೊನ್ನೆ ಮಗನಿಗೆ ಯಾವುದೋ ಫೋನ್ ಬಂತು. ಮಾತಾಡುತ್ತಾ ಎದ್ದು ಹಿತ್ತಲಿನ ತೆಂಗಿನ ಮರದವರೆಗೆ ಹೋದ. ಒಳಗೆ ಬಂದವನು ಚೊಂಬಿನ ನೀರು ಕುಡಿದ.

“ಯಾರೋ ಅದು?” ಎಂದೆ.

“ಏನಿಲ್ಲ ಕಣಮ್ಮ. ಫೀಡಿನ ಲೋಡು ಲೇಟಂತೆ.”

ನಿಜವೇ ಇರಬಹುದು. ನಾನು ಇಯರ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡೆ.

“ಯಾವ ರಸ್ತೆ ಹಿಡೀಬೇಕು ಅಂತ ಈಗಲೇ ಹೇಳಿಬಿಡು,” ಎಂದೆ. “ಸೀರೆ ಬದಲಾಯಿಸ್ಕೊಂಡು ಬರ್ತೀನಿ.”