ಜೈ ಅನ್ನದ ಬೀಗರು

ನಮ್ಮಪ್ಪ ಬದುಕಿರುವ ಯಾವ ಮನುಷ್ಯನಿಗೂ ಜೈ ಅಂದವರಲ್ಲ. ಭಾರತಮಾತೆಗೆ ಅನ್ನುತ್ತಿದ್ದರು, ಕನ್ನಡಮಾತೆಗೆ ಅನ್ನುತ್ತಿದ್ದರು, ತೀರಿಕೊಂಡ ದೊಡ್ಡವರಿಗೆ ಅವರವರ ಪುಣ್ಯತಿಥಿಯ ದಿನ ಮರೆಯದೆ ಅನ್ನುತ್ತಿದ್ದರು. ಉಸಿರಾಡುವವರ ವಿಷಯ ಬಂದರೆ ಮಾತ್ರ ಬಾಯಿಗೆ ಬೀಗ.

"ಜೀವ ಇರೋ ಮನುಷ್ಯನ್ನ ನೆಚ್ಚಬಾರದವ್ವ. ಇವತ್ತು ಜೈ ಅಂತೀವಿ, ನಾಳೆ ಕೆಟ್ಟೋದ್ರೆ ಆ ಜೈ ವಾಪಸ್ ತಗೊಳ್ಳಾಕೆ ಬರ್ತೈತಾ?" ಎನ್ನುವುದು ಅವರ ವಾದ. ಧಿಕ್ಕಾರಕ್ಕೆ ಈ ತಾಪತ್ರಯವಿಲ್ಲ. ಧಿಕ್ಕಾರ ಹಾಕಿಸಿಕೊಂಡವನು ನಾಳೆ ಸುಧಾರಿಸಿದರೆ ಎಲ್ಲರಿಗೂ ಸಂತೋಷವೇ.

ಇಂಥವರ ಮಗಳಾಗಿ ಹುಟ್ಟಿದ್ದು ನನ್ನ ಪುಣ್ಯವೋ ಕರ್ಮವೋ ಇವತ್ತಿಗೂ ಹೇಳಲಾರೆ. ನಾನು ಹುಟ್ಟಿದಾಗ ಅಪ್ಪ ಜೈಲಿನಲ್ಲಿದ್ದರು. ಬ್ರಿಟಿಷರು ಹೊರಡುವ ಹೊತ್ತಿಗೆ ಇವರು ಮೈಸೂರು ಸರ್ಕಾರದ ಕಡೆ ಮುಖ ತಿರುಗಿಸಿದ್ದರು. ಜವಾಬ್ದಾರಿ ಸರ್ಕಾರ ಬಂತು, ಅದಕ್ಕೆ ಜವಾಬ್ದಾರಿ ಸಾಲದು ಎಂದು ಮತ್ತೆ ಧರಣಿ ಕೂತರು. ಕನ್ನಡ ನಾಡು ಒಂದಾಗಬೇಕೆಂದು ಊರೂರು ಅಲೆದರು. ಅದು ಒಂದಾದ ದಿನ ದಾವಣಗೆರೆಯ ನಮ್ಮ ಮನೆಯಲ್ಲಿ ಪಾಯಸ ಮಾಡಿದ್ದೆವು. ಪಾಯಸ ಕುಡಿದು ಬಾಯಿ ಒರೆಸಿಕೊಂಡು ಅಪ್ಪ ಸೀದಾ ಹತ್ತಿಮಿಲ್ಲಿನ ಗೇಟಿಗೆ ಹೋದರು. ಅಲ್ಲಿ ಕೆಲಸಗಾರರಿಗೆ ಕುಡಿಯುವ ನೀರಿನ ಹಂಡೆ ಇಟ್ಟಿರಲಿಲ್ಲವಂತೆ. ಅವ್ವ ತಲೆ ಚಚ್ಚಿಕೊಂಡಳು.

ಅವರ ಬಳಿ ಒಂದು ಖಾದಿ ಚೀಲವಿತ್ತು. ಒಂದು ಜೊತೆ ಬಟ್ಟೆ, ವಿಭೂತಿ ಗಟ್ಟಿ, ಒಂದು ಪೊಟ್ಟಣ ಮಂಡಕ್ಕಿ. ಪೊಲೀಸರು ಯಾವಾಗ ಕರೆದರೂ ಹೊರಡಲು ತಯಾರಾದ ಚೀಲ ಅದು. ಬೇರೆಯವರ ಮನೆಗೆ ಹೋದಾಗ ಅದನ್ನು ಹೆಗಲಿನಿಂದ ಇಳಿಸುತ್ತಲೇ ಇರಲಿಲ್ಲ. ಊಟಕ್ಕೆ ಕೂತರೂ ಹೆಗಲಲ್ಲೇ. ನನ್ನ ಮದುವೆಯಲ್ಲೂ ಹೆಗಲಲ್ಲೇ ಇತ್ತು. ಬೀಗರು ರೇಷ್ಮೆ ಪಂಚೆ ಉಡುಗೊರೆ ಕೊಡಲು ಬಂದಾಗ, "ಇದನ್ನ ಕೊಟ್ರೆ ಮಂಟಪದಾಗೇ ಉಪವಾಸ ಕೂರ್ತೀನಿ" ಎಂದು ಹೆದರಿಸಿದ್ದರು.

ನನ್ನನ್ನು ಕೊಟ್ಟದ್ದು ಹರಿಹರಕ್ಕೆ. ಮಾವನದು ಕಾಳುಕಡಿಯ ವ್ಯಾಪಾರ. ಒಳ್ಳೆಯ ಮನುಷ್ಯ, ಊಟದ ಹೊತ್ತು ಮಾತ್ರ ತಪ್ಪಬಾರದು. ಅತ್ತೆಯೂ ಒಳ್ಳೆಯವರೇ, ಆದರೆ ನಾಲಿಗೆಯ ತುದಿಯಲ್ಲಿ ಸದಾ ಒಂದು ಮಾತು ಕುಣಿಯುತ್ತಿತ್ತು: "ನಿಮ್ಮಪ್ಪಾರ ಹಂಗೆ." ಸಾರಿಗೆ ಉಪ್ಪು ಹೆಚ್ಚಾದರೆ ನಿಮ್ಮಪ್ಪಾರ ಹಂಗೆ, ಹಾಲು ಉಕ್ಕಿದರೆ ನಿಮ್ಮಪ್ಪಾರ ಹಂಗೆ. ನಾನು ಎದುರಾಡದಿದ್ದರೆ, "ಮೌನ ಸತ್ಯಾಗ್ರಹ ಹೂಡ್ಯಾಳೆ, ನಿಮ್ಮಪ್ಪಾರ ಹಂಗೆ."

ರಾಜ್ಯ ಒಂದಾಗಿ ಕೆಲವು ವರ್ಷವಾದ ಮೇಲೆ ಮಾವ ಪುರಸಭೆಯ ಚುನಾವಣೆಗೆ ನಿಂತರು. ಓಣಿಗೊಂದು ನಲ್ಲಿ ಹಾಕಿಸುತ್ತೇನೆ ಎಂಬುದು ಅವರ ಘೋಷಣೆ. ಗುರುತು ತಕ್ಕಡಿ. ಪ್ರಚಾರಕ್ಕೆ ಯಾರು ಎಂಬ ಪ್ರಶ್ನೆ ಬಂದಾಗ ಮಾವ, "ನಮ್ಮ ಬೀಗರಿಲ್ಲೇನು? ಜೀವಮಾನ ಪೂರ್ತಿ ಭಾಷಣ ಮಾಡ್ಯಾರೆ" ಎಂದು ಹೇಳಿ ಕಳಿಸಿದರು. ಅತ್ತೆ ನನ್ನನ್ನು ಅಡುಗೆಮನೆಗೆ ಕರೆದು ಮೊದಲೇ ಹೇಳಿಬಿಟ್ಟರು:

"ನೋಡವ್ವ, ನಿಮ್ಮಪ್ಪಾರು ಇಲ್ಲೇನಾರ ಎಡವಟ್ಟು ಮಾಡಿದ್ರೆ, ನಾನು ಮತ್ತೆ ಅವರನ್ನ ಈ ಹೊಸ್ತಿಲ ಒಳಗೆ ಬರ್ರಿ ಅನ್ನಂಗಿಲ್ಲ."

ಕರೆಯದ ಮನೆಗೆ ಕಾಲಿಡುವವರಲ್ಲ ನಮ್ಮಪ್ಪ. ಅಂದರೆ ಅವರು ಮಗಳ ಮನೆಗೆ ಬರುವುದೇ ನಿಂತುಹೋಗುತ್ತದೆ. ದಾವಣಗೆರೆ ಕೂಗಳತೆಯಲ್ಲಿದ್ದರೇನು, ತವರಿನವರು ಬಾರದ ಮನೆಯಲ್ಲಿ ಬಾಳುವುದು ಹೇಗೆ? ದೇವರೇ, ನಮ್ಮಪ್ಪನಿಗೆ ಒಂದಿಷ್ಟು ದಿನ ಒಳ್ಳೆಯ ಬುದ್ಧಿ ಕೊಡು ಎಂದು ಬೇಡಿಕೊಂಡೆ.

ಅಪ್ಪ ಬೆಳಗಿನ ರೈಲಿಗೆ ಇಳಿದರು. ಹೆಗಲಿಗೆ ಚೀಲ, ಕೈಯಲ್ಲಿ ಘೋಷಣೆ ಕೂಗುವ ತಗಡಿನ ತುತ್ತೂರಿ. ಸಂಜೆ ದೇವಸ್ಥಾನದ ಬೀದಿಯಲ್ಲಿ ಮೊದಲ ಸಭೆ. ಶುರು ಚೆನ್ನಾಗಿಯೇ ಇತ್ತು. "ನಮ್ಮ ಬೀಗರು ತಕ್ಕಡಿ ಗುರುತಿಗೆ ನಿಂತಾರೆ" ಎಂದರು. ಜನ ಕಿಸಕ್ಕನೆ ನಕ್ಕರು, ಕಾಳಿನ ವ್ಯಾಪಾರಿಗೆ ತಕ್ಕಡಿ ಗುರುತು ಅಂದರೆ ನಗದೆ ಇನ್ನೇನು? ಅಪ್ಪನಿಗೆ ರೋಷ ಬಂತು. "ಯಾಕ ನಗ್ತೀರಿ? ಇದು ಅಂಗಡಿ ತಕ್ಕಡಿ ಅಲ್ಲ. ಇದು ಸರಿಯಾಗಿ ತೂಗ್ತೈತೆ!"

ವೇದಿಕೆಯ ಮೇಲೆ ಮಾವ ಟವಲ್ಲಿನಿಂದ ಮುಖ ಒರೆಸಿಕೊಂಡರು. ಅಪ್ಪ ನಿಲ್ಲಿಸಲಿಲ್ಲ. "ಗೆದ್ದ ಮ್ಯಾಲೆ ನಲ್ಲಿ ಹಾಕಿಸಲಿಲ್ಲ ಅಂದ್ರೆ, ಇವರ ಮನಿ ಮುಂದೆ ಮೊದಲು ಧರಣಿ ಕೂರೋನು ನಾನೇ! ಇವರ ಅಂಗಡಿ ಮುಂದೆ ಪಿಕೆಟಿಂಗ್ ಮಾಡೋನೂ ನಾನೇ!" ಇಂಥ ಚಪ್ಪಾಳೆಯನ್ನು ಹರಿಹರದಲ್ಲಿ ನಾನು ಕೇಳಿರಲಿಲ್ಲ. ಇನ್ನೂ ಗೆಲ್ಲದ ಮಾವ ಆಗಲೇ ರಾಜೀನಾಮೆ ಕೊಡುವವರಂತೆ ಕಾಣುತ್ತಿದ್ದರು.

ಮರುದಿನ ಮೆರವಣಿಗೆ. ಹುಮ್ಮಸ್ಸು ಇರಲೆಂದು ಅಪ್ಪ ದಾವಣಗೆರೆಯಿಂದ ಮಿಲ್ಲಿನ ಗೆಳೆಯರನ್ನು ಕರೆಸಿದ್ದರು. ಅಪ್ಪನ ಜೊತೆ ವರ್ಷಗಟ್ಟಲೆ ಗೇಟಿನಲ್ಲಿ ಕೂಗಿ ಪಳಗಿದ ಗಂಟಲುಗಳು. ಅಪ್ಪ ತುತ್ತೂರಿ ಎತ್ತಿ, "ನಮ್ಮ ಬೀಗರಿಗೆ..." ಎಂದು ಕೂಗಿ ನಿಲ್ಲಿಸಿದರು. ಜೈ ಅನ್ನಲು ಅವರಿಗೆ ಬಾಯಿ ಬಾರದು, ಆ ಭಾಗ ಜನವೇ ಅನ್ನಲಿ ಎಂಬ ಲೆಕ್ಕಾಚಾರ. ಆ ಗಂಟಲುಗಳಿಗೆ ಗೊತ್ತಿದ್ದ ಉತ್ತರ ಒಂದೇ.

"ಧಿಕ್ಕಾರ!"

ಓಣಿಯ ಗೋಡೆಗಳು ಅದುರಿದವು. ಹಾರ ಹಾಕಿಕೊಂಡು ಕೈಮುಗಿದು ಬರುತ್ತಿದ್ದ ಮಾವ ಕೈ ಇಳಿಸುವುದನ್ನೂ ಮರೆತು ನಿಂತರು. ಗೆಳೆಯರು ನಾಲಿಗೆ ಕಚ್ಚಿಕೊಂಡು, "ತಪ್ಪಾತ್ರಿ, ರೂಢಿ ಆಗಿಬಿಟ್ಟೈತೆ" ಎಂದು ಕ್ಷಮೆ ಕೇಳಿದರು. ಮುಂದಿನ ತಿರುವಿನಲ್ಲಿ ಮತ್ತೆ ಅದೇ ಆಯಿತು. ಕೊನೆಗೆ ಮಾವನೇ ಅವರಿಗೆಲ್ಲ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕೊಡಿಸಿ ರೈಲು ಹತ್ತಿಸಿ ಬಂದರು.

ಆಮೇಲೆ ಮನೆ ಮನೆ ಪ್ರಚಾರ. ಹೆಂಗಸರ ಹತ್ತಿರ ಮಾತಾಡಲೆಂದು ನಾನೂ ಅಪ್ಪನ ಜೊತೆ ಹೋದೆ. ನಮ್ಮ ಓಣಿಯ ಕೊನೆಯ ಮನೆಯಲ್ಲಿ ಒಬ್ಬ ಮುದುಕಿ ಇದ್ದಳು. ಅವಳು, "ಓಟೇನೋ ಹಾಕ್ತೀನಪ್ಪ. ಮೊದಲು ನಿನ್ನ ಬೀಗನ ಕಟ್ಟೆ ಒಡೆಸು. ಚರಂಡಿ ಮ್ಯಾಲೇ ಕಟ್ಟೆ ಕಟ್ಯಾನೆ. ಮಳಿ ಬಂದ್ರೆ ಹೊಲಸು ನೀರೆಲ್ಲ ನನ್ನ ಅಡಿಗಿಮನಿಗೆ" ಎಂದಳು.

ಅಪ್ಪನ ಕಣ್ಣು ಫಳಕ್ಕೆಂದಿತು. ಆ ಹೊಳಪು ನನಗೆ ಚಿಕ್ಕಂದಿನಿಂದ ಗೊತ್ತು.

"ಅಪ್ಪಾಜಿ, ಬ್ಯಾಡ. ನಿಮ್ಮ ಕಾಲಿಗೆ ಬೀಳ್ತೀನಿ. ಚುನಾವಣೆ ಮುಗೀಲಿ," ಎಂದೆ.

"ಮುಗಿದ ಮ್ಯಾಲೆ ಯಾರು ಕೇಳ್ತಾರವ್ವ?" ಎಂದು ಅಪ್ಪ ನಡೆದೇಬಿಟ್ಟರು.

ಅವತ್ತು ಅತ್ತೆ ಬೀಗರಿಗೆಂದು ಹೋಳಿಗೆ ಮಾಡಿದ್ದರು. ತುಪ್ಪದ ಘಮ ಬೀದಿಯವರೆಗೂ ಬರುತ್ತಿತ್ತು. "ಬರ್ರಿ ಬೀಗರೆ, ಊಟಕ್ಕೆ ಕೂಡ್ರಿ" ಎಂದು ಅತ್ತೆ ಬಾಗಿಲಿಗೆ ಬಂದರೆ, ಅಪ್ಪ ಕಟ್ಟೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು.

"ಈ ಕಟ್ಟೆ ಒಡೆಯೋತನಕ ನಾನು ಊಟ ಮಾಡಂಗಿಲ್ರಿ ಅಕ್ಕಾರೆ."

ಬೀಗರು ಬಾಗಿಲಿಗೆ ಬಂದು ಉಣ್ಣದೆ ಕೂರುವುದೆಂದರೆ ನಮ್ಮ ಕಡೆ ಅದಕ್ಕಿಂತ ದೊಡ್ಡ ಮರ್ಯಾದೆಗೇಡು ಇಲ್ಲ. ಅತ್ತೆಯ ಮುಖ ಕೆಂಪಾಯಿತು. ಮಾವ ಓಡಿ ಬಂದರು.

"ಏನ್ರೀ ಬೀಗರೆ, ನೀವು ನನ್ನ ಪರವೋ, ವಿರೋಧವೋ?"

"ನಿಮ್ಮ ಪರವಾಗೇ ನಿಮ್ಮ ವಿರುದ್ಧ ಕೂತೀನ್ರಿ."

"ಒಡೀಬೇಕು ಅನ್ನೋ ಕಟ್ಟೆ ಮ್ಯಾಲೇ ಕೂತೀರಲ್ಲ?"

"ನೆರಳು ಇಲ್ಲೇ ಚಲೋ ಐತೆ," ಎಂದು ಅಪ್ಪ ಕಂಬಕ್ಕೆ ಒರಗಿದರು.

ಕೂತಲ್ಲೇ ಪ್ರಚಾರವನ್ನೂ ಬಿಡಲಿಲ್ಲ. ದಾರಿಹೋಕರನ್ನು ಕರೆದು, "ತಕ್ಕಡಿಗೇ ಹಾಕ್ರಿ. ಇವರ ಕಟ್ಟೆ ಒಡೆಸೋದು ನನಗೆ ಬಿಡ್ರಿ" ಎನ್ನುತ್ತಿದ್ದರು. ಸುದ್ದಿ ತಿಳಿದು, ಮಾವನ ಎದುರು ನಿಂತಿದ್ದ ಬಟ್ಟೆ ವ್ಯಾಪಾರಿ ಅಪ್ಪನಿಗೆ ಹಾಕಲು ಹೂವಿನ ಹಾರ ಹಿಡಿದು ಬಂದರು. ಅಪ್ಪ ಕುತ್ತಿಗೆ ಹಿಂದಕ್ಕೆ ಎಳೆದುಕೊಂಡು, "ಅದಿರ್ಲಿ, ನಿಮ್ಮ ಗೋದಾಮಿನ ಹಿತ್ತಲು ಯಾವ ಚರಂಡಿ ಮ್ಯಾಲೈತೆ?" ಎಂದು ಕೇಳಿದರು. ಅವರು ಹಾರ ಸಮೇತ ವಾಪಸ್ಸಾದರು.

ಬೀಗರು ಉಪವಾಸವಿರುವಾಗ ಮನೆಯವರು ಉಣ್ಣುವಂತಿಲ್ಲ. ಹೋಳಿಗೆ ಬುಟ್ಟಿಯಲ್ಲೇ ಉಳಿಯಿತು. ಅಂಗಡಿಯಲ್ಲಿ ಅಷ್ಟು ಕಾಳಿದ್ದರೂ ಮಾವ ಹೊಟ್ಟೆ ಒತ್ತಿಕೊಂಡು ಅಂಗಳದಲ್ಲಿ ತಿರುಗಿದರು. ಮರುದಿನ ಮಧ್ಯಾಹ್ನದ ಹೊತ್ತಿಗೆ ಅವರ ಕೈಲಾಗಲಿಲ್ಲ. ಹಾರೆ ಎತ್ತಿಕೊಂಡು ಬಂದು, "ಏಳ್ರಿ ಬೀಗರೆ ಅತ್ಲಾಗೆ, ಇಲ್ಲಾಂದ್ರೆ ನಿಮ್ಮನ್ನೂ ಸೇರಿಸಿ ಒಡೀತೀನಿ!" ಎಂದರು. ಅಪ್ಪ ಎದ್ದರು, ಕಟ್ಟೆ ಬಿತ್ತು, ಓಣಿಯೆಲ್ಲ ಕೇಕೆ ಹಾಕಿತು. ತನ್ನ ಕಟ್ಟೆಯನ್ನು ತಾನೇ ಒಡೆದ ಅಭ್ಯರ್ಥಿಯನ್ನು ಯಾರು ತಾನೇ ನೋಡಿದ್ದರು? ಆಗ ಗುರುತಿಗೊಂದು ಮತಪೆಟ್ಟಿಗೆ; ತಕ್ಕಡಿಯ ಚಿತ್ರ ಅಂಟಿಸಿದ ಪೆಟ್ಟಿಗೆ ತುಂಬಿತು, ಮಾವ ಗೆದ್ದರು.

ಗೆದ್ದದ್ದು ಮಾವ, ಸೋತದ್ದು ನಾನು. ಕಟ್ಟೆ ಬಿದ್ದ ದಿನ, ಉಣ್ಣಲೆಂದು ಕೈ ತೊಳೆದುಕೊಂಡು ನಿಂತ ಅಪ್ಪನನ್ನು ಅತ್ತೆ ಒಳಗೆ ಕರೆಯಲಿಲ್ಲ. ಹಳಸಿದ ಹೋಳಿಗೆಯನ್ನು ಅವರೆದುರೇ ಎಮ್ಮೆಗೆ ಹಾಕಿದರು. ಅಪ್ಪ ಚೀಲ ಸರಿಮಾಡಿಕೊಂಡು ಸ್ಟೇಷನ್ ಕಡೆ ನಡೆದರು. ಅವತ್ತು ನನಗೆ ಇಬ್ಬರ ಮೇಲೂ ಸಿಟ್ಟು ಬಂತು. ಆಮೇಲೆ ಅಪ್ಪ ಬರಲಿಲ್ಲ. ಹಬ್ಬಕ್ಕೆ ಯಾರದೋ ಕೈಯಲ್ಲಿ ಮಂಡಕ್ಕಿ ಕಳಿಸುತ್ತಿದ್ದರು.

ನಲ್ಲಿಯೂ ಬರಲಿಲ್ಲ. ಮಾವನಿಗೆ ಹಾರ, ಸನ್ಮಾನ, ಸಭೆಗಳಿಗೇ ಹೊತ್ತು ಸಾಕಾಗುತ್ತಿರಲಿಲ್ಲ. ಕೇಳಿದರೆ, "ಅರ್ಜಿ ಮ್ಯಾಲೆ ಹೋಗೈತೆ" ಎನ್ನುತ್ತಿದ್ದರು. ನಾನೂ ಅತ್ತೆಯೂ ಕುಡಿಯುವ ನೀರಿಗೆ ಎಂದಿನಂತೆ ಹೊಳೆಗೇ ಹೋಗುತ್ತಿದ್ದೆವು. ಒಂದು ಬೆಳಿಗ್ಗೆ ಹೊಳೆಯ ಮೆಟ್ಟಿಲ ಮೇಲೆ ಅತ್ತೆ ಜಾರಿ ಕೂತರು. ಪೆಟ್ಟೇನೂ ಆಗಲಿಲ್ಲ. ಆದರೆ ತವರಿನಿಂದ ತಂದ ತಾಮ್ರದ ಕೊಡ ನಗ್ಗಿತು. ಅವರು ಕೊಡವನ್ನೇ ನೋಡುತ್ತ ಮನೆಗೆ ಬಂದರು.

ಬಂದವರೇ ಚಾಪೆ ತೆಗೆದು, ಕಟ್ಟೆ ಇದ್ದ ಜಾಗದಲ್ಲಿ ಹಾಸಿದ್ದ ಚಪ್ಪಡಿಯ ಮೇಲೆ ಹರವಿ ಕೂತುಬಿಟ್ಟರು. ಪಕ್ಕದಲ್ಲಿ ನಗ್ಗಿದ ಕೊಡ.

"ನಲ್ಲಿ ಬರೋತನಕ ಈ ಮನ್ಯಾಗ ಒಲೆ ಹಚ್ಚಂಗಿಲ್ಲ," ಎಂದರು. ಮಾವ ಒಳಗಿಂದ ಇಣುಕಿ ನೋಡಿ ಗಾಬರಿಯಾದರು. ಸ್ವಲ್ಪ ಹೊತ್ತಾದ ಮೇಲೆ ಅತ್ತೆ ನನ್ನನ್ನು ಹತ್ತಿರ ಕರೆದು ದನಿ ತಗ್ಗಿಸಿದರು.

"ನಿಮ್ಮಪ್ಪಾರಿಗೆ ಹೇಳಿ ಕಳಿಸವ್ವ. ನನಗೆ ಇದು ಹೆಂಗೆ ಮಾಡ್ತಾರೆ ಅಂತ ಗೊತ್ತಿಲ್ಲ. ನಡುವೆ ನೀರು ಕುಡೀಬಹುದೋ ಇಲ್ಲೋ ಕೇಳಬೇಕು."

ಅಪ್ಪ ಮುಂದಿನ ರೈಲಿಗೇ ಬಂದರು. ಹೊಸ್ತಿಲು ದಾಟಲಿಲ್ಲ. ಬೀದಿಯಲ್ಲೇ ನಿಂತು ಪಾಠ ಹೇಳಿದರು: "ನೀರು ಕುಡೀಬಹುದ್ರಿ ಅಕ್ಕಾರೆ, ಚಿಟಿಕಿ ಉಪ್ಪು ಹಾಕ್ಕಳ್ರಿ. ಸಿಟ್ಟು ಮಾಡಬಾರದು. ಯಾರಾದ್ರೂ ಸಮಾಧಾನ ಮಾಡಾಕೆ ಬಂದ್ರೆ ಆಕಾಶ ನೋಡ್ರಿ." ಅತ್ತೆ ಶ್ರದ್ಧೆಯಿಂದ ಆಕಾಶ ನೋಡಿದರು. ಓಣಿಯ ಹೆಂಗಸರು ಒಬ್ಬೊಬ್ಬರೇ ಖಾಲಿ ಕೊಡ ತಂದು ಪಕ್ಕದಲ್ಲಿಟ್ಟು ಕೂತರು. ಕೊನೆಯ ಮನೆಯ ಮುದುಕಿ ಎಲ್ಲರಿಗಿಂತ ಮುಂದೆ.

ಊಟದ ಹೊತ್ತು ಮೀರಿತು. ಮಾವ ಟೋಪಿ ಹಾಕಿಕೊಂಡು ಪುರಸಭೆಗೆ ಓಡಿದರು. ಪೈಪುಗಳು ಎಷ್ಟೋ ದಿನದಿಂದ ಅಲ್ಲೇ ಹಿತ್ತಲಲ್ಲಿ ಬಿದ್ದಿದ್ದವಂತೆ, ಅಗೆಯುವವರನ್ನು ಕಳಿಸಿರಲಿಲ್ಲ ಅಷ್ಟೆ. "ನಮ್ಮ ಮನ್ಯಾಗ ಒಲೆ ಹಚ್ಚಿಲ್ರಿ!" ಎಂದು ಅಲ್ಲಿ ಗೋಳಾಡಿದರಂತೆ. ಬಿಸಿಲು ಇಳಿಯುವ ಹೊತ್ತಿಗೆ ಗುದ್ದಲಿಯವರು ಮುಂದೆ, ಪೈಪಿನ ಒಂದು ತುದಿ ಹೆಗಲ ಮೇಲೆ ಹೊತ್ತ ಮಾವ ಹಿಂದೆ, ಓಣಿಗೆ ಬಂದರು. ಮೊದಲ ಗುದ್ದಲಿ ನೆಲಕ್ಕೆ ಬಿದ್ದ ಮೇಲೆಯೇ ಅತ್ತೆ ಅಪ್ಪನ ಮುಖ ನೋಡಿದ್ದು. ಸಾಕು ಎಂದು ಅಪ್ಪ ತಲೆಯಾಡಿಸಿ, ನಿಂಬೆಹಣ್ಣಿನ ಪಾನಕದ ಲೋಟವನ್ನು ಅವರ ಮುಂದಿಟ್ಟರು.

ಆಮೇಲೆ ತುತ್ತೂರಿ ಇಲ್ಲದೆಯೇ ಕೈ ಎತ್ತಿ ಕೂಗಿದರು: "ನಮ್ಮ ಬೀಗಿತಿಯವರಿಗೆ..."

ಓಣಿಯವರಿಗೆಲ್ಲ ಹಳೆಯ ಮೆರವಣಿಗೆ ನೆನಪಿತ್ತು. ಧಿಕ್ಕಾರ ಅನ್ನಲು ಬಾಯಿ ತೆರೆದವರು ಅಪ್ಪನ ಮುಖ ನೋಡಿ ಹಾಗೇ ನಿಂತರು.

"ಜೈ!" ಎಂದರು ಅಪ್ಪ. ಒಬ್ಬರೇ. ದನಿ ಸ್ವಲ್ಪ ನಡುಗಿತು, ಅಭ್ಯಾಸವಿರಲಿಲ್ಲ ನೋಡಿ. "ಮುಂದಿನ ಸಲ ಇವರೇ ನಿಲ್ಲಬೇಕು. ನಾನು ಮನಿ ಮನಿಗೆ ಹೋಗಿ ಜೈ ಅಂತೀನಿ."

ನನಗೆ ಅಳು ತಡೆಯಲಾಗಲಿಲ್ಲ. ಅತ್ತೆ ಸೆರಗು ಸರಿಮಾಡಿಕೊಂಡು ಎದ್ದರು.

"ಅದೆಲ್ಲ ಆಮೇಲೆ. ಒಳಗೆ ಬರ್ರಿ ಬೀಗರೆ, ಕೈಕಾಲು ತೊಳಕೊಳ್ರಿ. ಹೋಳಿಗಿ ಮಾಡ್ತೀನಿ, ಹೊತ್ತಾಗ್ತೈತೆ, ಕಾಯಬೇಕು. ಈ ಸಲ ಉಣ್ಣದೇ ಹೋದ್ರೆ ನಾನು ನಿಮ್ಮ ದಾವಣಗೇರಿ ಮನಿ ಮುಂದೆ ಬಂದು ಕೂರ್ತೀನಿ, ನೋಡ್ರಿ ಮತ್ತೆ!" ಎಂದು ನನ್ನ ಕಡೆ ತಿರುಗಿ, "ಒಲೆ ಹಚ್ಚವ್ವ" ಎಂದರು.

ಅಪ್ಪ ಹೊಸ್ತಿಲು ದಾಟಿದರು. ಹೆಗಲಿನ ಚೀಲ ಇಳಿಸಿ, ಬಾಗಿಲ ಹಿಂದಿನ ಗೂಟಕ್ಕೆ ನೇತುಹಾಕಿದರು.