ಶಿವಗಂಗಾಳಿಗೆ ಬಡಿದ ಗಾಳಿ

ಮಗು ಹೊಟ್ಟೆಯಲ್ಲೇ ತೀರಿಕೊಂಡ ಮೇಲೆ ಶಿವಗಂಗಾ ಮಂಕಾಗಿಬಿಟ್ಟಳು. ಕೂಡ್ಲಿಗಿಯ ಕಚೇರಿಗೆ ಹೋಗಿ ಬಂದರೆ ಮುಗಿಯಿತು, ಗೋಡೆಗೆ ಮುಖ ಮಾಡಿ ಮಲಗಿಬಿಡುವಳು. ಆಗ ಮನೆಯಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಸೊಸೆ ಎಂಥ ಸಾಧು ಎಂದು ಅತ್ತೆ ಬಸಲಿಂಗಮ್ಮ ಓಣಿಯ ತುಂಬ ಹೊಗಳಿದ್ದೇ ಹೊಗಳಿದ್ದು!

ಕೊನೆಗೆ ಡಾಕ್ಟರು ಮಾತ್ರೆ ಕೊಟ್ಟು, ಜೊತೆಗೆ ದಿನಾ ಬೆಳಿಗ್ಗೆ ಓಡಲು ಹೇಳಿದರು. ಮೊದಮೊದಲು ಕಾಲೇ ಏಳುತ್ತಿರಲಿಲ್ಲ. ತಿಂಗಳೊಪ್ಪತ್ತಿನಲ್ಲಿ ನಿದ್ದೆ ಬಂತು, ರೊಟ್ಟಿ ರುಚಿಸಿತು. ಓಣಿಯವರಿಗೆ ಮಾತ್ರ ಕಣ್ಣುರಿ ಶುರುವಾಯಿತು.

ಒಂದು ಬೆಳಿಗ್ಗೆ ಬಸಲಿಂಗಮ್ಮ ತಾಯತ ಹಿಡಿದು ಬಾಗಿಲಿಗೆ ಅಡ್ಡ ನಿಂತಳು.

"ನಿನಗ ದೆವ್ವದ ಗಾಳಿ ಬಡದೈತಿ. ನಸುಕಿನ್ಯಾಗ ಬೂಟು ಹಾಕ್ಕೊಂಡು ಯಾವ ಹೆಣ್ಮಗಳು ಓಡ್ತಾಳ? ಇದನ್ನ ಕಟ್ಟಿಸ್ಕೊಂಡು ಸುಮ್ನ ಒಳಗ ಬಿದ್ದಿರು."

ಶಿವಗಂಗಾಳಿಗೆ ಸಿಟ್ಟು ನೆತ್ತಿಗೇರಿತು.

"ಹೆಣದಂಗ ಬಿದ್ದಿದ್ನಲ್ರಿ ಅತ್ತಿ, ಆಗ ಎಲ್ಲಿತ್ತು ಈ ತಾಯತ? ಆಗ ನಾ ಒಳ್ಳೇಕಿ! ಈಗ ಮೈದಾನದ ಗಾಳಿ ಕುಡದು ಜೀವ ಬರಾಕತ್ತೈತಿ, ಅದನ್ನೂ ಬಿಡಸಾಕ ಬಂದೀರೇನ್ರಿ?"

ಗಂಡ ಮಾರೇಶ್ ಹಾಸಿಗೆಯಿಂದಲೇ ಗೊಣಗಿದ: "ಯವ್ವಾ, ಏನ್ ಬಾಯಿ ಬಂತು ಇಕಿಗೆ!"

"ಓಡಿದ್ದಕ್ಕ ಬಂತು. ನೀವೂ ಎದ್ದು ಓಡ್ರಿ, ಒಂದೀಟು ಬುದ್ಧಿನಾದ್ರೂ ಬರ್ತೈತಿ!"

ಅತ್ತೆಯ ತೋಳು ಸರಿಸಿ ಅವಳು ಹೊರಬಿದ್ದಳು. ಬಸಲಿಂಗಮ್ಮ ಬೀದಿಗೆ ಬಂದು ಬಾಯಿ ಬಡಿದುಕೊಳ್ಳುವಷ್ಟರಲ್ಲಿ ಸೊಸೆ ಓಣಿಯ ತಿರುವು ದಾಟಿ, ಆ ಸಿಟ್ಟಿನ ಭರಕ್ಕೆ, ಹಿಂದೆಂದೂ ಓಡದಷ್ಟು ಜೋರಾಗಿ ಓಡುತ್ತಿದ್ದಳು.