ನಾನು ಕಿತ್ತ ಪ್ಲಗ್ಗು

ಲತಾ, ನಿನ್ನ ಕಂಪ್ಯೂಟರಿನ ದೊಡ್ಡ ಡಿಸ್ಕನ್ನು ಹಾಳು ಮಾಡಿದವಳು ನಾನು. ರಿಪೇರಿಯವನಲ್ಲ, ಕರೆಂಟೂ ಅಲ್ಲ — ನಿನ್ನ ಅತ್ತೆ.

ಹಳೇ ಡಬ್ಬ ಆ ಕಂಪ್ಯೂಟರು. ಊರವರ ಮದುವೆಗೆ ಹೋಗಿ ತೆಗೆದ ವಿಡಿಯೊ ತುಂಬಿಡಲು ನೀನು ದೊಡ್ಡ ಡಿಸ್ಕ್ ತಂದೆ. ಅದಕ್ಕೆ ಬೇಕಾದಷ್ಟು ಕರೆಂಟು ಈ ಹಳೇ ಕಂಪ್ಯೂಟರು ಕೊಡಲಾರದು ಎಂದು ಕಾರವಾರದ ರಿಪೇರಿಯವನು ಡಿಸ್ಕಿಗೇ ಬೇರೆ ವಯರು, ಬೇರೆ ಪ್ಲಗ್ಗು ಹಾಕಿಕೊಟ್ಟ. ಕೆಲಸ ನಡೆಯುವಾಗ ಅದನ್ನು ಮುಟ್ಟಬಾರದು ಎಂದು ನೀನು ಹೇಳಿದ್ದೆ. ನನಗೆ ಕೇಳಿಸಿತ್ತು. ಆದರೆ ಒಂದು ಯಂತ್ರಕ್ಕೆ ಎರಡು ಪ್ಲಗ್ಗಂತೆ! ಆ ಕೋಣೆಯಲ್ಲಿ ಪ್ಲಗ್ಗು ಚುಚ್ಚುವ ಜಾಗ ಇರುವುದೇ ಎರಡು, ನನ್ನ ಫ್ರಿಜ್ಜಿಗೆ ಒಂದೂ ಉಳಿಯುತ್ತಿರಲಿಲ್ಲ — ಕಂಡರೇ ಸಿಟ್ಟು ಬರುತ್ತಿತ್ತು.

ಅವತ್ತು ಎಲ್ಲರ ಜೊತೆ ರಂಪಣಿ ಬಲೆ ದಡಕ್ಕೆ ಎಳೆದದ್ದಕ್ಕೆ ನನ್ನ ಪಾಲಿಗೆ ಒಂದು ಬುಟ್ಟಿ ಬಂಗಡೆ ಮೀನು ಬಂತು. ಮೀನು ಕೆಡದಂತೆ ಇಡಲು ನಮ್ಮ ಬೊಬ್ರುವಾಡದಲ್ಲಿ ಎಲ್ಲೂ ಬರ್ಫವಿಲ್ಲ. ನೀನು ಬಾವಿಕಟ್ಟೆಯಲ್ಲಿದ್ದೆ. ಡಿಸ್ಕಿನ ಪ್ಲಗ್ಗು ಕಿತ್ತು ಫ್ರಿಜ್ಜಿನದು ಚುಚ್ಚಿದೆ. ಕಂಪ್ಯೂಟರಿನ ಪರದೆ ಬೆಳಗುತ್ತಲೇ ಇತ್ತು, ಅದರ ಫ್ಯಾನೂ ತಿರುಗುತ್ತಿತ್ತು — ಏನೂ ಆಗಲಿಲ್ಲ ಎಂದುಕೊಂಡೆ. ಆಮೇಲೆ ಪರದೆಯ ಮೇಲೆ ಏನೋ ಇಂಗ್ಲಿಷು ಬಂತು. ಎರಡನೇ ಇಯತ್ತೆಗೆ ಶಾಲೆ ಬಿಟ್ಟವಳು, ಎಂತ ಓದಲಿ? ಹೆದರಿ ಮತ್ತೆ ಅದರದೇ ಪ್ಲಗ್ಗು ಚುಚ್ಚಿದೆ. ಡಿಸ್ಕಿನ ಒಳಗಿನಿಂದ ಟಕ್, ಟಕ್ —

ನೀನು ಓಡಿ ಬಂದೆ. "ಅತ್ತೆ, ಈ ಪ್ಲಗ್ ಮುಟ್ಟಿದ್ರಾ?"

"ನಾ ಎಂತಕ್ಕೆ ಮುಟ್ಲಿ? ಆ ಕಾರವಾರದಂವ ಎಂತ ಹಾಳ್ ಮಾಡಿಟ್ಟು ಹೋದ್ನೋ, ಅಂವನ್ನೇ ಕೇಳು!"

ಅವನು ಬಂದು ನೋಡಿ, "ಬಾಯೋರೆ, ಕೆಲ್ಸದ ನಡುವೆ ಯಾರೋ ಪ್ಲಗ್ ತೆಗ್ದಾರೆ," ಎಂದ. ನೀನು ಅವನ ಮೇಲೇ ಹರಿಹಾಯ್ದೆ — "ನಮ್ಮತ್ತೆ ಬೈತ್ರು, ಆದ್ರೆ ಸುಳ್ಳು ಹೇಳುದಿಲ್ಲ!"

ಆ ಮಾತು... ಅಲ್ಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ.

ಪಕ್ಕದ ಮನೆ ಗಿರಿಜೆಯ ಮಗಳ ಮದುವೆ ಪೂರ್ತಿ ಆ ಡಿಸ್ಕಿನಲ್ಲಿತ್ತು. ಕ್ಯಾಮೆರಾದಲ್ಲಿ ಅಳಿಸಿಯಾಗಿತ್ತು; ಏನೂ ಉಳಿಯಲಿಲ್ಲ. ಗಿರಿಜೆ ಅಂಗಳದಲ್ಲಿ ನಿಂತು, "ಬರದ ಕೆಲ್ಸ ಎಂತಕ್ಕೆ ತಕಂಡೆ?" ಎಂದು ನಿನಗೆ ಬಾಯಿಗೆ ಬಂದಂತೆ ಬೈಯುವಾಗ ನಾನು ತಲೆ ತಗ್ಗಿಸಿ ಮೀನು ಕೊಯ್ಯುತ್ತಿದ್ದೆ. ಆಮೇಲೆ ಊರಲ್ಲಿ ಯಾರೂ ನಿನ್ನನ್ನು ಮದುವೆಯ ವಿಡಿಯೊ ತೆಗೆಯಲು ಕರೆಯಲಿಲ್ಲ. ಈಗ ದಿನಾ ಬಸ್ಸಿನಲ್ಲಿ ಶಿರವಾಡಕ್ಕೆ ಹೋಗಿ, ಬೇರೆಯವರು ತೆಗೆದ ಫೋಟೊಗಳಿಗೆ ಚೌಕಟ್ಟು ಹಾಕುತ್ತೀ. ಮನೆಗೆ ಬಂದು ನನಗೆ ಚಹಾ ಮಾಡಿಕೊಡುತ್ತೀ. ಆ ಚಹಾ ಕುಡಿದುಕೊಂಡು ಆರು ವರ್ಷ ಸುಮ್ಮನಿದ್ದೆ — ಎಂಥ ಹೆಂಗಸು ನಾನು!

ಗೊತ್ತಾಗದೆ ಮಾಡಿದೆ ಎನ್ನುವುದಿಲ್ಲ. ಕಿತ್ತದ್ದು ಸಿಟ್ಟಿನಿಂದ, ಮುಚ್ಚಿಟ್ಟದ್ದು ಹೆದರಿಕೆಯಿಂದ.

ನಾಳೆ ಬೆಳಿಗ್ಗೆ ಗಿರಿಜೆಯ ಮನೆಗೆ ಹೋಗಿ ಹೇಳುತ್ತೇನೆ. ಅಲ್ಲಿಂದ ಕಾರವಾರಕ್ಕೆ, ಆ ರಿಪೇರಿಯವನ ಅಂಗಡಿಗೆ. ನೀನು ಜೊತೆಗೆ ಬರಬೇಡ. ಬೈದರೆ ಬೈಯಲಿ — ಇಷ್ಟು ವರ್ಷ ನೀನು ತಿಂದ ಬೈಗುಳ ನನ್ನದು.